ನೀರಿನ ಬೆಳಕು, ಕಲ್ಲಿದ್ದಲಿನ ಬೆಳಕು

ನಮ್ಮ ಬೀದರ ಜಿಲ್ಲೆಯಲ್ಲಿ ಕಲ್ಲಿದ್ದಲಿನ ಗಣಿಯಿಲ್ಲ. ದೊಡ್ಡ ಯಂತ್ರಗಳನ್ನು ತಿರುಗಿಸಬಲ್ಲ ಜಲಪಾತವೂ ಇಲ್ಲ. ಆದರೂ ಬಗದಲಿನ ಹೊಲಗಳಲ್ಲಿ ಪಂಪುಗಳು ನೀರೆತ್ತುತ್ತವೆ, ಮನೆಗಳಲ್ಲಿ ದೀಪ ಉರಿಯುತ್ತದೆ. ಈ ಶಕ್ತಿ ಎಲ್ಲಿಂದ ಬರುತ್ತದೆಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ. ನಾನು ಅರ್ಥಶಾಸ್ತ್ರದ ವಿದ್ಯಾರ್ಥಿ. ಯಂತ್ರಶಾಸ್ತ್ರ ಬಲ್ಲವರು ಇದನ್ನು ಆ ದೃಷ್ಟಿಯಿಂದಲೇ ಓದಬೇಕು.

ಕನ್ನಡ ನಾಡಿನಲ್ಲಿ ವಿದ್ಯುಚ್ಛಕ್ತಿ ಮೊದಲು ನೀರಿನ ಕೂಸು. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ಶಕ್ತಿ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಮುಂದೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು ನಿಂತಿತು. ಅದರ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳ ಸಾಮರ್ಥ್ಯ 1035 ಮೆಗಾವಾಟ್. ಅದಕ್ಕಾಗಿ ಮಲೆನಾಡಿನ ಎಷ್ಟೋ ಹಳ್ಳಿಗಳು ಮುಳುಗಿದವು. ಗುಂಡಿ ಒತ್ತಿ ದೀಪ ಹಚ್ಚುವ ನಾವು ಆ ಜನರನ್ನು ನೆನೆಯುವುದು ಅಪರೂಪ.

1970ರಲ್ಲಿ ಸ್ಥಾಪನೆಯಾದ, ಈಗ ಕರ್ನಾಟಕ ವಿದ್ಯುತ್ ನಿಗಮವೆನಿಸಿಕೊಂಡಿರುವ ಸಂಸ್ಥೆಯೂ ಮೊದಮೊದಲು ನೀರನ್ನೇ ನಂಬಿತ್ತು. ಆದರೆ ಮಳೆ ಕೈಕೊಟ್ಟ ವರ್ಷ ಯಂತ್ರವೂ ಸುಮ್ಮನೆ ನಿಲ್ಲಬೇಕಷ್ಟೆ. ಆದ್ದರಿಂದ ರಾಯಚೂರು ಜಿಲ್ಲೆಯಲ್ಲಿ, ಕೃಷ್ಣಾ ನದಿಯ ದಡದ ಶಕ್ತಿನಗರದಲ್ಲಿ ಕಲ್ಲಿದ್ದಲಿನ ಸ್ಥಾವರ ಬಂತು. 1985ರಲ್ಲಿ ಮೊದಲ ಘಟಕ ನಡೆಯತೊಡಗಿತು. ಎಂಟು ಘಟಕಗಳಾದಾಗ ಒಟ್ಟು ಸಾಮರ್ಥ್ಯ 1720 ಮೆಗಾವಾಟ್ ಆಯಿತು. ಅಲ್ಲಿಗೆ ಕಲ್ಲಿದ್ದಲು ಸಿಂಗರೇಣಿ ಮುಂತಾದ ಗಣಿಗಳಿಂದ ರೈಲಿನಲ್ಲಿ ಬರುತ್ತದೆ. 1956ಕ್ಕೆ ಮುಂಚೆ ಬೀದರ, ರಾಯಚೂರು, ಸಿಂಗರೇಣಿ ಮೂರೂ ಹೈದರಾಬಾದು ರಾಜ್ಯದಲ್ಲಿದ್ದವು, ಶರಾವತಿ ಮೈಸೂರಿನದಾಗಿತ್ತು ಎಂಬುದನ್ನು ಚರಿತ್ರೆಯ ವಿದ್ಯಾರ್ಥಿಗಳು ಗಮನಿಸಬಹುದು.

ಇವೆರಡರ ಸ್ವಭಾವ ಬೇರೆ ಬೇರೆ. ಕಲ್ಲಿದ್ದಲನ್ನು ಪುಡಿಮಾಡಿ ಉರಿಸಿ, ನೀರನ್ನು ಉಗಿಯಾಗಿಸಿ, ಆ ಉಗಿಯ ಒತ್ತಡದಿಂದ ಚಕ್ರ ತಿರುಗಿಸಬೇಕು. ಒಮ್ಮೆ ಆರಿದ ಕುಲುಮೆ ಮತ್ತೆ ಕಾಯಲು ಎಷ್ಟೋ ತಾಸು ಹಿಡಿಯುತ್ತದೆ. ಜಲಯಂತ್ರಕ್ಕಾದರೋ ನೀರು ಬಿಟ್ಟ ಕೆಲವೇ ನಿಮಿಷಗಳಲ್ಲಿ ಶಕ್ತಿ ಸಿದ್ಧ. ಆದ್ದರಿಂದ ದಿನದ ನಿತ್ಯದ ಹೊರೆಯನ್ನು ಕಲ್ಲಿದ್ದಲು ಹೊತ್ತು, ಊರೆಲ್ಲ ಒಮ್ಮೆಗೇ ದೀಪ ಹಚ್ಚುವ ಸಂಜೆಯ ಹೊತ್ತಿಗೆ ನೀರು ನೆರವಾಗುವುದು ಯುಕ್ತ. ನೀರಿನ ಶಕ್ತಿ ಅಗ್ಗವೆಂಬುದು ನಿಜ. ಕಲ್ಲಿದ್ದಲಿಗೆ ಬೆಲೆ ಕೊಡಬೇಕು; ಹೊಗೆ, ಬೂದಿಗಳ ಪೀಡೆಯೂ ಉಂಟು. ಆದರೂ ಅಗ್ಗವೆಂದು ನೀರನ್ನೇ ಮೊದಲು ಮುಗಿಸುವುದು, ಸುಗ್ಗಿಯಲ್ಲೇ ಹಗೇವಿನ ಜೋಳ ತೆಗೆದು ಉಂಡಂತೆಂದು ನನ್ನ ಅಭಿಪ್ರಾಯ. ಈಚೆಗೆ ಸೂರ್ಯಶಕ್ತಿಯೂ ಸೇರಿರುವುದರಿಂದ ಹಗಲಿನಲ್ಲಿ ನೀರನ್ನು ಉಳಿಸುವುದು ಸುಲಭವಾಗಿದೆ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಬೇಸಗೆಯಲ್ಲಿ ತಂದೆಯವರ ಕಬ್ಬಿಗೂ ನನ್ನ ಓದಿಗೂ ಒಂದೇ ತಂತಿಯಿಂದ ಶಕ್ತಿ ಬರಬೇಕು. ಜೂನಿನ ಮಳೆ ಬರುವವರೆಗೆ ಲಿಂಗನಮಕ್ಕಿಯಲ್ಲಿ ಎಷ್ಟು ನೀರು ಉಳಿದಿದೆಯೆಂಬುದನ್ನು ಬಗದಲಿನವನಾದ ನಾನೂ ಪತ್ರಿಕೆಯಲ್ಲಿ ಹುಡುಕಿ ಓದುತ್ತೇನೆ.