ಶಿಶುಗಳ ಮೊದಲ ಆಹಾರದಲ್ಲಿ ಅರೆದ ಕಡಲೆಕಾಯಿ ಬೀಜ

ಚಳ್ಳಕೆರೆ, ಪಾವಗಡ, ಸಿರಾ ಮೊದಲಾದ ತಾಲ್ಲೂಕುಗಳ ಕೆಂಪುಭೂಮಿಯಲ್ಲಿ ಮಳೆಯನ್ನೇ ನಂಬಿ ಬೆಳೆಯತಕ್ಕ ಕಡಲೆಕಾಯಿಯನ್ನು ನಮ್ಮ ರೈತರು ಹಣದ ಬೆಳೆಯೆಂದೇ ಎಣಿಸಿರುತ್ತಾರೆ. ಕಾಯಿ ಒಣಗುವುದಕ್ಕೆ ಮುಂಚೆಯೇ ಮಂಡಿಯ ಧಾರಣೆಯ ಮಾತು ಪ್ರಾರಂಭವಾಗುವುದು. ದಪ್ಪ ಬೀಜವೆಲ್ಲವೂ ಮಾರಾಟಕ್ಕೆ ಹೋಗಿ, ಸುಕ್ಕಿದ್ದು, ಒಡೆದದ್ದು, ಬಣ್ಣಗೆಟ್ಟದ್ದು ಮನೆಯ ಖರ್ಚಿಗೆ ಉಳಿಯುವುದನ್ನು ಸರ್ಕೀಟಿನಲ್ಲಿ ಅನೇಕ ಕಡೆ ನೋಡಿರುತ್ತೇನೆ. ದೊಡ್ಡವರಿಗೇ ಒಳ್ಳೆಯದಲ್ಲದ ಈ ಪದ್ಧತಿಯು ಮನೆಯಲ್ಲಿ ಆರು ತಿಂಗಳಿನ ಕೂಸಿದ್ದಲ್ಲಿ ಅಪಾಯಕರವಾದದ್ದು.

ಸುಮಾರು ಆರು ತಿಂಗಳು ತುಂಬಿದ ಮೇಲೆ ತಾಯಿಯ ಹಾಲು ಒಂದೇ ಶಿಶುವಿನ ಬೆಳವಣಿಗೆಗೆ ಸಾಲದು. ಹಾಲನ್ನು ಬಿಡಿಸದೆ, ರಾಗಿ ಸರಿ, ಚೆನ್ನಾಗಿ ಬೇಯಿಸಿ ಹಿಸುಕಿದ ಹೆಸರುಬೇಳೆ ಮುಂತಾದವುಗಳನ್ನು ಆರಂಭಿಸತಕ್ಕದ್ದು. ಇವುಗಳ ಜೊತೆಗೆ ಅರೆದ ಕಡಲೆಕಾಯಿ ಬೀಜವನ್ನೂ ಸೇರಿಸಬಹುದು. ಇದರ ನೂರು ಭಾಗದಲ್ಲಿ ಸುಮಾರು 25 ಭಾಗ ಸಸಾರಜನಕವೂ, ಅದಕ್ಕಿಂತ ಬಹಳ ಹೆಚ್ಚಾಗಿ ಜಿಡ್ಡೂ ಇರುವುದರಿಂದ ಸ್ವಲ್ಪದರಲ್ಲಿಯೇ ಹೆಚ್ಚು ಪುಷ್ಟಿ ಉಂಟು. ಆದರೆ ಲೈಸಿನ್ ಎಂಬ ಸತ್ವವು ರಾಗಿಯಲ್ಲಿಯೂ ಕಡಮೆ, ಕಡಲೆಕಾಯಿಯಲ್ಲಿಯೂ ಕಡಮೆ. ಅದನ್ನು ಬೇಳೆಯೇ ಒದಗಿಸಬೇಕು. ಕಡಲೆಕಾಯಿ ಬಂತೆಂದು ಬೇಳೆಯನ್ನು ನಿಲ್ಲಿಸಕೂಡದು.

ಇಷ್ಟು ಎಳೆಯ ವಯಸ್ಸಿನಲ್ಲಿ ಇದನ್ನು ಕೊಡಬಹುದೆ ಎಂಬ ಶಂಕೆ ಬರುವುದು ಸಹಜ. ಕೆಲವು ಮಕ್ಕಳಿಗೆ ಕಡಲೆಕಾಯಿ ಒಗ್ಗದೆ ಅಲರ್ಜಿಯುಂಟಾಗುವುದು. ಇದಕ್ಕಾಗಿ ಅಮೆರಿಕದ ಮಕ್ಕಳ ವೈದ್ಯರ ಸಂಘವು 2000ದಲ್ಲಿ, ಅಂಥ ಸಂಭವ ಹೆಚ್ಚಾಗಿರುವ ಮಕ್ಕಳಿಗೆ ಮೂರು ವರ್ಷ ತುಂಬುವವರೆಗೆ ಕೊಡಬಾರದೆಂದು ಸಲಹೆಯಿತ್ತು, ಆಧಾರ ಸಾಲದೆಂದು 2008ರಲ್ಲಿ ಅದನ್ನು ಕೈಬಿಟ್ಟಿತು. ಅದೇ 2008ರಲ್ಲಿ ಇಸ್ರೇಲಿನ ಯೆಹೂದ್ಯ ಮಕ್ಕಳನ್ನೂ ಇಂಗ್ಲೆಂಡಿನ ಯೆಹೂದ್ಯ ಮಕ್ಕಳನ್ನೂ ಹೋಲಿಸಿ ನೋಡಲಾಗಿ, ಶೈಶವದಿಂದಲೇ ಕಡಲೆಕಾಯಿಯ ತಿನಿಸನ್ನು ತಿನ್ನುವ ಮೊದಲಿನವರಿಗಿಂತ ಎರಡನೆಯವರಲ್ಲಿ ಈ ಅಲರ್ಜಿಯು ಸುಮಾರು ಹತ್ತರಷ್ಟಿದ್ದಿತು. ಅನಂತರ ಲಂಡನ್ನಿನಲ್ಲಿ ತೀವ್ರವಾದ ಇಸುಬು ಅಥವಾ ಮೊಟ್ಟೆಯ ಅಲರ್ಜಿಯಿದ್ದ 640 ಶಿಶುಗಳನ್ನು ಎರಡು ಪಂಗಡ ಮಾಡಿ, ಒಂದಕ್ಕೆ ಕಡಲೆಕಾಯಿಯನ್ನು ಕೊಡುತ್ತಾ, ಇನ್ನೊಂದಕ್ಕೆ ಕೊಡದೆ, ಐದು ವರ್ಷದ ವಯಸ್ಸಿನವರೆಗೆ ಪರೀಕ್ಷಿಸಿದರು. 2015ರಲ್ಲಿ ಪ್ರಕಟವಾದ ಫಲಿತಾಂಶದಂತೆ, ತಿನ್ನದವರಲ್ಲಿ ನೂರಕ್ಕೆ 17 ಮಂದಿಗೂ, ತಿಂದವರಲ್ಲಿ ನೂರಕ್ಕೆ ಸುಮಾರು 3 ಮಂದಿಗೂ ಅಲರ್ಜಿ ಕಂಡುಬಂದಿತು. ತಡಮಾಡುವುದರಿಂದ ರಕ್ಷಣೆಯಿಲ್ಲವೆಂದು ಇದರಿಂದ ಸ್ಪಷ್ಟವಾಯಿತು.

ನನ್ನ ಅಭಿಪ್ರಾಯದಲ್ಲಿ ನಮ್ಮ ಗ್ರಾಮಗಳಲ್ಲಿ ಹೆಚ್ಚಾಗಿ ಹೆದರಬೇಕಾದದ್ದು ಬೂಷ್ಟಿಗೆ. ಕಡಲೆಕಾಯಿಯಲ್ಲಿ ಬೆಳೆಯುವ ಒಂದು ಜಾತಿಯ ಬೂಷ್ಟು ಅಫ್ಲಟಾಕ್ಸಿನ್ ಎಂಬ ವಿಷವನ್ನುಂಟುಮಾಡುವುದು; ಇದು ಪಿತ್ತಜನಕಾಂಗವನ್ನು ಕೆಡಿಸಿ, ಬಹುಕಾಲ ದೇಹಕ್ಕೆ ಸೇರುತ್ತಿದ್ದರೆ ಅಲ್ಲಿ ಏಡಿಹುಣ್ಣಿಗೂ ಕಾರಣವಾಗುವುದು. 1960ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು ಒಂದು ಲಕ್ಷ ಟರ್ಕಿಕೋಳಿಗಳು ಸತ್ತಾಗ, ಅವು ತಿಂದ ಕಡಲೆಕಾಯಿ ಹಿಂಡಿಯನ್ನು ಶೋಧಿಸಿಯೇ ಈ ವಿಷವನ್ನು ಕಂಡುಹಿಡಿದರು. ಬೂಷ್ಟು ಹಿಡಿದ ಹಿಂಡಿಯನ್ನು ಹಸುವಿಗೆ ಹಾಕಿದರೆ ಹಾಲಿನಲ್ಲಿಯೂ ಅದರ ಅಂಶ ಇಳಿಯುವುದೆಂಬುದನ್ನು ಹೈನುಳ್ಳವರು ಜ್ಞಾಪಕದಲ್ಲಿಡಬೇಕು. ಬೇಯಿಸಿದರೂ ಹುರಿದರೂ ಇದು ಪೂರ್ತಿಯಾಗಿ ನಾಶವಾಗುವುದಿಲ್ಲ. ಈ ವಿಷವು ಹೆಚ್ಚಾಗಿ ಸೇರಿರುವುದು ಸುಕ್ಕಿದ, ಬಣ್ಣಗೆಟ್ಟ, ಹುಳು ಕೊರೆದ ಬೀಜಗಳಲ್ಲಿಯೇ, ಎಂದರೆ ಮನೆಗೆಂದು ಉಳಿಸಿಕೊಳ್ಳುವ ಬೀಜಗಳಲ್ಲಿಯೇ.

ಆದ್ದರಿಂದ ಶಿಶುವಿನ ಆಹಾರದ ಸಿದ್ಧತೆಯು ಕಣದಲ್ಲಿಯೇ ಆರಂಭವಾಗಬೇಕು. ಗಿಡಗಳನ್ನು ಕಿತ್ತ ಮೇಲೆ ಕಾಯಿ ಮೇಲೆ ಬರುವಂತೆ ಬೋರಲು ಹಾಕಿ ಒಣಗಿಸತಕ್ಕದ್ದು. ಹಸಿಗಿಡಗಳನ್ನು ಗುಡ್ಡೆ ಹಾಕಿದರೆ ಒಳಗೆ ಬಿಸಿಯೇರಿ ಬೂಷ್ಟು ಬರುವುದು. ಅಲುಗಿಸಿದರೆ ಕಾಯಿಯೊಳಗೆ ಬೀಜ ಗಲಗಲನೆ ಸದ್ದು ಮಾಡಬೇಕು. ಬೀಜದ ತೇವ ನೂರಕ್ಕೆ 8 ಭಾಗಕ್ಕಿಂತ ಹೆಚ್ಚಿರಬಾರದು. ಸುಲಿಯುವುದು ಹಗುರವಾಗಲೆಂದು ಕಾಯಿಯ ಮೇಲೆ ನೀರು ಚಿಮುಕಿಸುವ ರೂಢಿಯನ್ನು ಸಂಪೂರ್ಣವಾಗಿ ಬಿಡಬೇಕು. ಮಾರಾಟಕ್ಕೆ ಮುಂಚಿತವಾಗಿಯೇ, ತುಂಬಿದ ಒಳ್ಳೆಯ ಕಾಯಿಗಳನ್ನು ಆರಿಸಿ, ಮನೆಯ ಮಕ್ಕಳಿಗೆಂದು ಸಿಪ್ಪೆಸಹಿತವಾಗಿಯೇ ತೇವವಿಲ್ಲದ ಸ್ಥಳದಲ್ಲಿ ಇಡತಕ್ಕದ್ದು. ಕೂಲಿಯಾಳುಗಳಿಗೆ ಕೊಡುವ ಕಾಯಿಯೂ ಇದೇ ರಾಶಿಯದಾಗಿರಲಿ. ಅವರ ಮನೆಗಳಲ್ಲಿಯೂ ಕೂಸುಗಳುಂಟು.

ಬೇಕಾದಾಗ ಸುಲಿದು, ಒಂದೊಂದು ಬೀಜವನ್ನೂ ಬೆಳಕಿನಲ್ಲಿ ನೋಡಿ ಆರಿಸಿ, ಸಣ್ಣ ಉರಿಯಲ್ಲಿ ಹುರಿದು, ಹೊಟ್ಟನ್ನು ಉಜ್ಜಿ ಕೇರಿ, ತರಿಯಿಲ್ಲದಂತೆ ನುಣ್ಣಗೆ ಅರೆಯಬೇಕು. ಉಪ್ಪಾಗಲಿ ಬೆಲ್ಲವಾಗಲಿ ಬೇಡ. ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪವಂತೂ ಕೂಡದು. ಅರೆದದ್ದನ್ನು ಗಟ್ಟಿಯಾಗಿ ಕೊಟ್ಟರೆ ಗಂಟಲಿಗೆ ಅಂಟಿಕೊಂಡು ಉಸಿರು ಕಟ್ಟುವುದು. ಎರಡು ಸಣ್ಣ ಚಮಚದಷ್ಟನ್ನು ಬಿಸಿನೀರಿನಲ್ಲಿ ಇಲ್ಲವೆ ರಾಗಿ ಸರಿಯಲ್ಲಿ ಕದಡಿ, ಚಮಚದಿಂದ ತಾನಾಗಿ ಹರಿದುಬೀಳುವ ಹದಕ್ಕೆ ತಂದು, ಆರಿಸಿ ಕೊಡಬೇಕು. ಇಡೀ ಬೀಜವನ್ನಾಗಲಿ ಒಡೆದ ಬೀಜವನ್ನಾಗಲಿ ಐದು ವರ್ಷದೊಳಗಿನ ಮಕ್ಕಳ ಕೈಗೆ ಕೊಡಬಾರದು. ಕಡಲೆಕಾಯಿ ಸುಲಿಯುವ ಜಾಗದಲ್ಲಿ ಅಂಬೆಗಾಲಿಡುವ ಕೂಸನ್ನು ಬಿಟ್ಟಿರುವುದು ನಮ್ಮಲ್ಲಿ ಸಾಮಾನ್ಯ. ಇದನ್ನು ಹೆಂಗಸರಿಗೆ ತಿಳಿಯಹೇಳಬೇಕು.

ಮಗು ಕತ್ತು ನಿಲ್ಲಿಸಿ, ಆನಿಸಿದರೆ ಕೂರುವಷ್ಟಾಗಿರಬೇಕು. ಬೇರೆ ಮೆತ್ತಗಿನ ಆಹಾರ ಅದಕ್ಕೆ ಒಗ್ಗಿರಬೇಕು. ಜ್ವರ, ಭೇದಿ ಇಲ್ಲದ ದಿನದಲ್ಲಿ, ಹಗಲು ಹೊತ್ತಿನಲ್ಲಿ, ಚಮಚದ ತುದಿಯಷ್ಟನ್ನು ಮೊದಲು ನೆಕ್ಕಿಸಿ ಹತ್ತು ನಿಮಿಷ ನೋಡತಕ್ಕದ್ದು. ಏನೂ ಆಗದಿದ್ದರೆ ಉಳಿದದ್ದನ್ನು ನಿಧಾನವಾಗಿ ಕೊಟ್ಟು, ಎರಡು ಗಂಟೆಯ ಕಾಲ ಯಾರಾದರೊಬ್ಬರು ಬಳಿಯಲ್ಲಿದ್ದು ಗಮನಿಸಬೇಕು. ಅದೇ ದಿನ ಬೇರೆ ಹೊಸ ಆಹಾರವನ್ನು ಕೊಡದಿರುವುದು ಲೇಸು. ಚರ್ಮಕ್ಕೆ ಸವರಿ ಪರೀಕ್ಷಿಸುವುದು ತಪ್ಪು. ಮೈಮೇಲೆ ದದ್ದು, ತುಟಿ ಅಥವಾ ಮುಖದ ಊತ, ವಾಂತಿ ಕಂಡರೆ ಕೂಡಲೆ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಉಸಿರಾಟಕ್ಕೆ ಕಷ್ಟವಾದರೆ, ಅಥವಾ ಮಗು ಸೋತು ಮಂಕಾದರೆ, ಮನೆಮದ್ದಿನಲ್ಲಿ ಒಂದು ನಿಮಿಷವನ್ನೂ ಕಳೆಯದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಸೇರಿಸತಕ್ಕದ್ದು. ತೀವ್ರವಾದ ಇಸುಬಿರುವ ಮಗುವಿಗೂ, ಮೊಟ್ಟೆ ಮೊದಲಾದ ಬೇರೆ ಆಹಾರ ಒಗ್ಗದ ಮಗುವಿಗೂ ವೈದ್ಯರನ್ನು ಕೇಳದೆ ಮೊದಲ ತುತ್ತನ್ನು ಕೊಡಬಾರದು.

ಒಗ್ಗಿದ ಮೇಲೆ ವಾರಕ್ಕೆ ಮೂರು ಸಲವಾದರೂ ಮುಂದುವರಿಸಬೇಕು. ಲಂಡನ್ನಿನ ಪರೀಕ್ಷೆಯಲ್ಲಿ ವಾರಕ್ಕೆ ಕೊಟ್ಟ 6 ಗ್ರಾಂ ಸಸಾರಜನಕವು ಸುಮಾರು 24 ಗ್ರಾಂ ಬೀಜಕ್ಕೆ ಸಮ. ಈ ಲೆಕ್ಕದಲ್ಲಿ ಒಂದು ಕೂಸಿಗೆ ವರ್ಷಕ್ಕೆ ಬೇಕಾಗುವುದು ಒಂದೂಕಾಲು ಕಿಲೋ ಬೀಜ ಮಾತ್ರ.