ಗಾಬರಿಯ ಖರ್ಚು ಹೊರುವುದು ಮೀನಿನ ಯಕೃತ್ತು

ಬಿದ್ರಿಯ ಆಸುಪಾಸು, ದೂಧಗಂಗಾ–ವೇದಗಂಗಾ ಸೀಮೆಯ ಕಬ್ಬಿನ ಹೊಲಗಳ ಮಗ್ಗುಲಿನ ಹೊಂಡಗಳಲ್ಲಿ ಕಾಟ್ಲಾ, ರೋಹು, ಮೃಗಾಲ್ ಸಾಕುವವರೊಂದಿಗೆ ಓಡಾಡುತ್ತ ಕಲಿತದ್ದು ಇಷ್ಟು. ಮೀನಿನ ಒತ್ತಡ ಅಳೆಯುವ ಈ ಕೆಲಸಕ್ಕೆ ಹೊಸದಾಗಿ ಇಳಿದವರಿಗೆ ಉಪಯೋಗವಾದೀತು.

1. ರಕ್ತ ತೆಗೆಯುವ ಮೊದಲು ಗಡಿಯಾರ ನೋಡಿ.
ಮೊದಮೊದಲು ಹಿಡಿದ ರೋಹುಗಳನ್ನು ಬಕೆಟ್ಟಿನಲ್ಲಿ ಇಟ್ಟುಕೊಂಡು ಒಂದೊಂದಾಗಿ ರಕ್ತ ತೆಗೆಯುತ್ತಿದ್ದೆ. ಕೊನೆಯ ಮೀನುಗಳಲ್ಲಿ ಸಕ್ಕರೆ ಹೆಚ್ಚು ಕಂಡಾಗ ಆಹಾರದ ದೋಷವೆಂದು ಬರೆದೆ. ಏರಿಸಿದ್ದು ನಾನೇ. ಬಲೆಗೆ ಬಿದ್ದ ಮೀನಿನಲ್ಲಿ ಅಡ್ರಿನಲಿನ್ ತಕ್ಷಣ ಏರುತ್ತದೆ; ಯಕೃತ್ತು ಕೂಡಿಟ್ಟ ಗ್ಲೈಕೋಜನ್ ಒಡೆದು ರಕ್ತಕ್ಕೆ ಗ್ಲೂಕೋಸ್ ಬಿಡುತ್ತದೆ. ಕೆಲ ನಿಮಿಷಗಳಲ್ಲಿ ಕಾರ್ಟಿಸಾಲ್ ಕೂಡ ಏರುತ್ತದೆ. ನೆಮ್ಮದಿಯ ಮೀನಿನ ಅಳತೆ ಬೇಕಿದ್ದರೆ ಹಿಡಿದ ಎರಡು–ಮೂರು ನಿಮಿಷದೊಳಗೆ ರಕ್ತ ಸಿಗಬೇಕು.

2. ಗೆಂಡೆಯ ಯಕೃತ್ತು ಒಂದೇ ಗಡ್ಡೆಯಲ್ಲ.
ಕೋಳಿಯ ಯಕೃತ್ತಿನಂತೆ ಇಡಿಯಾಗಿ ಸಿಗುತ್ತದೆಂದು ಹುಡುಕಿದ್ದೆ. ರೋಹು, ಕಾಟ್ಲಾದಂಥ ಗೆಂಡೆಜಾತಿಯ ಮೀನುಗಳಲ್ಲಿ ಅದು ಕರುಳಿನ ಸುರುಳಿಗಳ ಸಂದಿಯಲ್ಲೆಲ್ಲ ಹರಡಿರುತ್ತದೆ. ಮೇದೋಜೀರಕದ ಅಂಗಾಂಶವೂ ಅದರೊಳಗೇ ಬೆರೆತಿರುತ್ತದೆ. ಅಚ್ಚುಕಟ್ಟಾಗಿ ಬಿಡಿಸುತ್ತ ಕೂತರೆ ಅಳೆಯಬೇಕಾದ ಗ್ಲೈಕೋಜನ್ ಅಷ್ಟರಲ್ಲೇ ಕರಗುತ್ತದೆ. ಸಣ್ಣ ತುಂಡನ್ನು ಮೊದಲು ದ್ರವ ಸಾರಜನಕಕ್ಕೆ ಹಾಕಬೇಕು. ಉಳಿದದ್ದೆಲ್ಲ ಆಮೇಲೆ.

3. ಸೊರಗಿದ ಮೀನಿಗೆ ಮೇವು ಹೆಚ್ಚಿಸುವ ಮುನ್ನ ಇಕ್ಕಟ್ಟು ನೋಡಿ.
ಮೀನಿಗೆ ಪ್ರತ್ಯೇಕ ಅಡ್ರಿನಲ್ ಗ್ರಂಥಿ ಇಲ್ಲ. ಮೂತ್ರಪಿಂಡದ ಮುಂಭಾಗದ ಜೀವಕೋಶಗಳೇ ಕಾರ್ಟಿಸಾಲ್ ತಯಾರಿಸುತ್ತವೆ. ಇಕ್ಕಟ್ಟು, ಕಡಿಮೆ ಆಮ್ಲಜನಕ ಬಹುದಿನ ಮುಂದುವರಿದರೆ ಆ ಕಾರ್ಟಿಸಾಲ್ ಪ್ರಭಾವದಿಂದ ಮಾಂಸಖಂಡದ ಪ್ರೋಟೀನ್ ಕರಗಿ ಅಮೈನೊ ಆಮ್ಲವಾಗುತ್ತದೆ, ಯಕೃತ್ತು ಅದರಿಂದ ಗ್ಲೂಕೋಸ್ ಕಟ್ಟುತ್ತದೆ. ಮೈಗೆ ಹತ್ತಬೇಕಾದದ್ದು ಹೀಗೆ ಸುಟ್ಟುಹೋಗುತ್ತದೆ. ತೂಕ ಬಾರದ ಹೊಂಡವೊಂದಕ್ಕೆ ಮೇವು ಹೆಚ್ಚಿಸಲು ಹೇಳಿ ನಾನು ಕೆಡಿಸಿದ್ದೆ: ಉಳಿದ ಮೇವು ತಳದಲ್ಲಿ ಕೊಳೆತು ಆಮ್ಲಜನಕ ಇನ್ನೂ ಇಳಿಯಿತು. ದೀರ್ಘ ಒತ್ತಡದಲ್ಲಿ ರಕ್ತದ ಕಾರ್ಟಿಸಾಲ್ ಮತ್ತೆ ಸಹಜ ಮಟ್ಟಕ್ಕೆ ಇಳಿದಿರಬಹುದು. ಒಂದೇ ಅಳತೆ ನಂಬಿ ಮೀನು ಸುಖವಾಗಿದೆ ಎನ್ನಬೇಡಿ.

4. ಹೊಟ್ಟೆ ತುಂಬಿದ ಮರಿಯನ್ನು ಸಾಗಿಸಬೇಡಿ.
ಉಂಡ ಮರಿಗೆ ಆಮ್ಲಜನಕ ಹೆಚ್ಚು ಬೇಕು. ಅದು ಬಿಡುವ ಅಮೋನಿಯಾದಿಂದ ಚೀಲದ ನೀರೂ ಕೆಡುತ್ತದೆ. ಹಿಂದಿನ ದಿನವೇ ಹಾಪಾದಲ್ಲಿ (ನೀರಿನಲ್ಲಿ ಕಟ್ಟಿದ ಬಲೆಯ ತೊಟ್ಟಿಯಲ್ಲಿ) ಮೇವಿಲ್ಲದೆ ಇರಿಸಿ. ಚೀಲದಲ್ಲಿ ಮೂರನೇ ಒಂದು ಪಾಲು ನೀರು, ಮಿಕ್ಕದ್ದು ಆಮ್ಲಜನಕ ಇರಲಿ. ಬೆಳಗಿನ ತಂಪಿನಲ್ಲಿ ಹೊರಡಿ. ಗಾಬರಿಗೊಂಡ ಸಿಹಿನೀರಿನ ಮೀನು ಕಿವಿರುಗಳ ಮೂಲಕ ಲವಣ ಕಳೆದುಕೊಳ್ಳುತ್ತದೆ. ಸಾಗಣೆಯ ನೀರಿಗೆ ಹದವಾಗಿ ಉಪ್ಪು ಬೆರೆಸಿದರೆ ಆ ನಷ್ಟ ತಗ್ಗುತ್ತದೆ.

5. ಕೆಲಸಗಳನ್ನು ಒಂದೇ ಬಲೆಗೆ ಕೂಡಿಸಿ.
ಇವತ್ತು ತೂಕ, ನಾಳೆ ರೋಗತಪಾಸಣೆ, ನಾಡಿದ್ದು ವಿಂಗಡಣೆ ಎಂದು ಮೇಲಿಂದ ಮೇಲೆ ಬಲೆ ಎಳೆದರೆ ಯಕೃತ್ತಿಗೆ ಗ್ಲೈಕೋಜನ್ ತುಂಬಿಕೊಳ್ಳಲು ಬಿಡುವೇ ಸಿಗದು. ಮೂರನ್ನೂ ಒಂದೇ ಬೆಳಿಗ್ಗೆ ಮುಗಿಸಿ. ಆಮೇಲೆ ಮೀನು ತಾನಾಗಿ ಮೇವಿಗೆ ಬರುವತನಕ ಹೊಂಡಕ್ಕೆ ಕೈ ಹಾಕಬೇಡಿ.