ಕೆಲಸ 40, ಕಾರಣ 67

ಕಾರಣಗಳ ಮೊತ್ತ ಕೆಲಸಗಳ ಸಂಖ್ಯೆಗಿಂತ ಹೆಚ್ಚು ಬಂದರೆ ಅದು ಸುಳ್ಳು ಲೆಕ್ಕವಲ್ಲ. ಇಷ್ಟನ್ನು ಒಬ್ಬ ಅಧಿಕಾರಿಗೆ ತಿಳಿಸಿಕೊಡಲು ಹೋಗಿ ತುಂಬಿದ ಸಭೆಯಲ್ಲಿ ಪಟ್ಟ ಅವಮಾನ ಇನ್ನೂ ಆರಿಲ್ಲ. ವರದಿ ಬರೆಯುವ ಇನ್ನೊಬ್ಬರಿಗೆ ಅದು ಬರಬಾರದು.

ಹಟ್ಟಿಯಲ್ಲಿ ನನ್ನ ಸೋದರಮಾವ ಕುಡಿಯುವ ನೀರಿನ ದುರಸ್ತಿ ಗುತ್ತಿಗೆ ಹಿಡಿದಿದ್ದರು. ಗುರುಗುಂಟಾ, ಆನ್ವರಿ ಕಡೆಯ ದೂರುಗಳು ನನ್ನ ಗೂಗಲ್ ಶೀಟ್‌ಗೆ ಬರುತ್ತಿದ್ದವು, ಒಂದು ದೂರಿಗೆ ಒಂದು ಸಾಲು. ‘ಕಾರಣ’ದ ಕಾಲಂನಲ್ಲಿ ಪೈಪ್, ವಾಲ್ವ್, ಮೋಟರ್, ಪ್ಯಾನಲ್ ಎಂಬ ಆಯ್ಕೆಗಳು, ಎಷ್ಟನ್ನಾದರೂ ಆರಿಸಬಹುದು. 2024ರಿಂದ ಶೀಟ್‌ನಲ್ಲಿ ಈ ಸೌಲಭ್ಯವಿದೆ. ಆರಿಸಿದ್ದೆಲ್ಲ ಅಲ್ಪವಿರಾಮ ಹಾಕಿಕೊಂಡು ಒಂದೇ ಚೌಕದಲ್ಲಿ ಕೂರುತ್ತದೆ. ಪಿವೋಟ್ ಟೇಬಲ್ ಹಾಕಿದರೆ ‘ಪೈಪ್’, ‘ಪೈಪ್, ವಾಲ್ವ್’, ‘ಪೈಪ್, ವಾಲ್ವ್, ಮೋಟರ್’ ಮೂರೂ ಬೇರೆ ಬೇರೆ ಕಾರಣಗಳೆಂದು ಎಣಿಕೆಯಾಗುತ್ತವೆ. ಎಷ್ಟು ಕಡೆ ಪೈಪ್ ಒಡೆದಿದೆ ಎಂದು ಕೇಳಿದರೆ ಉತ್ತರ ಚೂರುಚೂರು.

ಅದಕ್ಕೇ ನಾನು ಪಿವೋಟ್ ಬಿಟ್ಟು, ಒಂದೊಂದು ಕಾರಣಕ್ಕೂ ಕೌಂಟ್‌ಇಫ್ ಸೂತ್ರ ಬರೆದು, ಪದದ ಹಿಂದೆ ಮುಂದೆ ನಕ್ಷತ್ರ ಚಿಹ್ನೆ ಇಟ್ಟು ಎಣಿಸಿದೆ. ಪೈಪ್ 31, ವಾಲ್ವ್ 19, ಮೋಟರ್ 10, ಪ್ಯಾನಲ್ 7. ದೂರು, ಅಂದರೆ ಕೆಲಸ, 40. ಕೈಯಿಂದಲೂ ಎಣಿಸಿ ತಾಳೆ ನೋಡಿದ್ದೆ.

ಪ್ರಗತಿ ಪರಿಶೀಲನಾ ಸಭೆಯಲ್ಲಿ ಆ ಅಧಿಕಾರಿ ಹಾಳೆ ತಿರುವಿ, ಕ್ಯಾಲ್ಕುಲೇಟರ್ ಒತ್ತಿ, ತಲೆ ಎತ್ತಿದರು. “ಏನವಾ ತಂಗಿ, ಕೆಲಸ ನಲವತ್ತು, ಕಾರಣ ಅರವತ್ತೇಳು! ಉಳಿದ ಇಪ್ಪತ್ತೇಳು ಕೆಲಸ ಯಾರ ಮನ್ಯಾಗ ಮಾಡೀರಿ?” ಎಲ್ಲರೂ ನಕ್ಕರು. ನಾನು ಎದ್ದು ನಿಂತೆ. “ಸರ್, ವಾಲ್ವ್ ಮುಚ್ಚಿದಾಗ ಮೋಟರ್ ಚಾಲೂ ಆದ್ರ ಒತ್ತಡಕ್ಕ ಪೈಪಿನ ಜಾಯಿಂಟ್ ಬಿಡ್ತದ. ದೂರು ಒಂದs, ಕಾರಣ ಎರಡು” ಎಂದೆ. “ಕಾರಣ ಎರಡಾದ್ರ ಬಿಲ್ಲೂ ಎರಡೇನು?” ಎಂದರು. ಬಿಲ್ ಎಂಬ ಮಾತು ಬಂದೊಡನೆ ನಗು ನಿಂತಿತು. ನನ್ನನ್ನು ಕಳ್ಳಿ ಎಂದಂತಾಯಿತು. ಜನಗಣತಿಯ ಉದಾಹರಣೆ ಕೊಟ್ಟೆ: 2011ರ ಗಣತಿಯಲ್ಲಿ ಟಿವಿ, ಸೈಕಲ್, ಮೊಬೈಲ್ ಮೂರೂ ಇರುವ ಮನೆ ಮೂರು ಕಾಲಂನಲ್ಲೂ ಬರುತ್ತದೆ, ಅವನ್ನು ಕೂಡಿಸಿ ಮನೆಗಳೆಷ್ಟು ಎಂದು ಯಾರೂ ಹೇಳುವುದಿಲ್ಲ. ಕೇಳಿಸಿಕೊಳ್ಳಲಿಲ್ಲ. ಹಾಳೆಯನ್ನು ಮೇಜಿನ ಮೇಲಿಂದ ನನ್ನ ಕಡೆ ತಳ್ಳಿ, “ಮೊತ್ತ ಹೊಂದಿಸಿಕೊಂಡು ಬಾ” ಎಂದರು.

ಮಾವ ಪಕ್ಕದಲ್ಲೇ ಕೂತಿದ್ದರು. ಒಂದು ಮಾತೂ ಆಡಲಿಲ್ಲ. ಹೊರಗೆ ಬಂದ ಮೇಲೆ, “ಸಾಹೇಬ್ರು ಹೇಳಿದಂಗ ಹೊಂದಿಸಿ ಕೊಡು, ಬಿಲ್ ಪಾಸಾಗ್ಲಿ” ಎಂದರು. ನಾನು ಒಪ್ಪಲಿಲ್ಲ. ಅವರೇ ಬೇರೆ ಹುಡುಗನ ಕೈಲಿ ಪ್ರತಿ ಸಾಲಿನ ಮೊದಲ ಕಾರಣವೊಂದನ್ನೇ ಉಳಿಸಿ, ಮಿಕ್ಕಿದ್ದನ್ನು ಅಳಿಸಿ ಹಾಕಿಸಿದರು. ಮೊತ್ತ 40ಕ್ಕೆ ಸರಿಹೊಂದಿತು. ವಾಲ್ವ್ ಮಾತ್ರ 19ರಿಂದ 5ಕ್ಕೆ ಇಳಿಯಿತು. ಆ ಹಾಳೆ ನೋಡಿಯೇ ಬಿಡಿಭಾಗಗಳ ಖರೀದಿಯಾಯಿತು. ಬೇಸಿಗೆಯಲ್ಲಿ ವಾಲ್ವ್ ಸಾಲದೆ ಅವೇ ಊರುಗಳಿಂದ ಮತ್ತೆ ದೂರು ಬಂದವು. ಕೊಡ ಹಿಡಿದು ನಿಂತ ಹೆಂಗಸರಿಗೆ ಆ ಅಧಿಕಾರಿಯೂ ಉತ್ತರ ಕೊಡಲಿಲ್ಲ, ನನ್ನ ಮಾವನೂ ಕೊಡಲಿಲ್ಲ.

ನಮ್ಮ ಹಟ್ಟಿಯ ಚಿನ್ನದ ಗಣಿಯಲ್ಲಿ ಅದಿರನ್ನು ಟನ್ನಿನಲ್ಲಿ, ಚಿನ್ನವನ್ನು ಗ್ರಾಮಿನಲ್ಲಿ ಲೆಕ್ಕ ಇಡುತ್ತಾರೆ. ಎರಡೂ ನಿಜ, ಎರಡೂ ಬೇರೆ. ಕೆಲಸ ಮತ್ತು ಕಾರಣವೂ ಹಾಗೆಯೇ.

ಈಗ ನಾನು ಇನ್ನೊಂದು ಹಾಳೆ ಇಡುತ್ತೇನೆ: ದೂರಿನ ನಂಬರ್ ಒಂದು ಕಾಲಂ, ಕಾರಣ ಒಂದು ಕಾಲಂ, ಕಾರಣ ಎರಡಿದ್ದರೆ ಎರಡು ಸಾಲು. ಕೆಲಸ ಎಷ್ಟೆಂದು ಕೇಳಿದರೆ ನಂಬರನ್ನು ಒಮ್ಮೆ ಮಾತ್ರ ಎಣಿಸಬೇಕು. ನಕ್ಷತ್ರದ ಸೂತ್ರವನ್ನೇ ಬಳಸುವವರು ಆಯ್ಕೆಗಳ ಹೆಸರು ಒಂದರೊಳಗೊಂದು ಬರದಂತೆ ಇಡಿ. ‘ಪೈಪ್’ ಎಂದು ಹುಡುಕಿದರೆ ‘ಪೈಪ್ ಜೋಡಣೆ’ಯೂ ಸೇರಿಕೊಳ್ಳುತ್ತದೆ. ಒಂದು ದೂರನ್ನು ಉಪಕೆಲಸಗಳಾಗಿ ಒಡೆದು ಬೇರೆ ಬೇರೆ ಸಾಲುಗಳಲ್ಲಿ ಬರೆದು, ಅವಕ್ಕೂ ಅದೇ ಕಾರಣ ತುಂಬಿದ್ದರೆ ಎರಡೆರಡು ಸಲ ಎಣಿಕೆಯಾಗುತ್ತದೆ, ನೋಡಿಕೊಳ್ಳಿ. ಶೇಕಡಾವಾರು ಹಾಕುವುದಾದರೆ 67ರ ಮೇಲಲ್ಲ, 40ರ ಮೇಲೆ ಹಾಕಿ.

ನಮೂನೆ ಸಿದ್ಧಪಡಿಸುವ ಅಧಿಕಾರಿಗಳಲ್ಲಿ ನನ್ನದೊಂದು ಬೇಡಿಕೆ: ಕಾರಣಗಳ ಪಟ್ಟಿಯ ಕೆಳಗಿರುವ ‘ಒಟ್ಟು’ ಎಂಬ ಸಾಲನ್ನು ದಯವಿಟ್ಟು ತೆಗೆದುಹಾಕಿ. ಅಲ್ಲಿ ‘ಒಂದು ಕೆಲಸಕ್ಕೆ ಒಂದಕ್ಕಿಂತ ಹೆಚ್ಚು ಕಾರಣ ಇರಬಹುದು’ ಎಂದು ಅಚ್ಚು ಹಾಕಿಸಿ.